ನನ್ನ ಹೊಟ್ಟೆಯಲ್ಲಿ ಠಿಕಾಣಿ ಹೂಡಿರುವ ಮಾಸು ಉರುಫ್ ಪ್ಲಾಸೆಂಟಾ ಅವರಿಗೆ

ಮಾನ್ಯರೇ,

ನೊಣವಿನಕೆರೆಯ ಏಳು ತಿಂಗಳ ಬಸುರಿ ಇಂಪನಾ ಮಾಡುವ ನಮಸ್ಕಾರಗಳು. ಬಗ್ಗಿ ನಮಸ್ಕರಿಸಲು ತಾವೂ ಮಗುವೂ ಬಿಡದ ಕಾರಣ ಕುಳಿತಲ್ಲಿಂದಲೇ ಕೈ ಮುಗಿದಿದ್ದೇನೆ, ದಯವಿಟ್ಟು ಸ್ವೀಕರಿಸಬೇಕು.

ಮಗುವಿಗೆ ಊಟ ಬಡಿಸಲೆಂದು ಬಂದ ತಾವು ಇಡೀ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ ಸಂಗತಿ ನನಗೆ ತಡವಾಗಿ ತಿಳಿಯಿತು. ತಿಪಟೂರಿನ ಡಾಕ್ಟರಮ್ಮ ಬರೀ ಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಬರಹೇಳಿದ ಬೆಳಿಗ್ಗೆ ನಮ್ಮತ್ತೆ ಹೊಂಬಾಳಮ್ಮನವರು ಎಳನೀರೊಂದನ್ನು ಕೆತ್ತಿ ಕೈಗಿತ್ತರು. ನಾನು ಅನುಮಾನಿಸಿದ್ದಕ್ಕೆ, "ಎಳ್ನೀರೇನು ಊಟವೇನೇ? ನೀರು ಕಣೇ, ಕುಡುದ್ಬುಟ್ಟು ಹೋಗು" ಎಂದರು. ತೆಂಗಿನ ಸೀಮೆಯಲ್ಲಿ ಈ ತೀರ್ಪಿಗೆ ಮೇಲ್ಮನವಿ ಇಲ್ಲ. ಸಕ್ಕರೆ ಏರಿತ್ತು. ಡಾಕ್ಟರಮ್ಮ ಎಳನೀರಿನ ಕಥೆ ಕೇಳಿ ಇಬ್ಬರಿಗೂ ಚೆನ್ನಾಗಿ ಬೈದು, ಇನ್ನೊಂದು ದಿನ ನಿಜವಾಗಿಯೂ ಬರೀ ಹೊಟ್ಟೆಯಲ್ಲಿ ಕರೆಸಿದರು. ಅಂದೂ ಸಕ್ಕರೆ ಇಳಿದಿರಲಿಲ್ಲ. ಎಳನೀರು ನಿರ್ದೋಷಿ ಎಂದು ಅತ್ತೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೇ ಸಾರಿದರು. ಡಾಕ್ಟರಮ್ಮನ ಮಾತಿನಂತೆ ಆಪಾದನೆ ತಮ್ಮ ಮೇಲೆ ಬಂತು.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವು ಸುರಿಸುವ ಹಾರ್ಮೋನುಗಳು ಒಂದು ಕಡೆ ನನ್ನ ಮೈ ಇನ್ಸುಲಿನ್ನಿನ ಮಾತು ಕೇಳದಂತೆ ಕಿವಿಯೂದುತ್ತವೆ. ಇನ್ನೊಂದು ಕಡೆ, ಇನ್ನಷ್ಟು ಇನ್ಸುಲಿನ್ ತಯಾರಿಸು ಎಂದು ಬಡಪಾಯಿ ಮೇದೋಜೀರಕ ಗ್ರಂಥಿಯ ಬೆನ್ನು ಹತ್ತುತ್ತವೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ. ಸಾಲದ್ದಕ್ಕೆ ತಲೆಬುರುಡೆಯಲ್ಲಿ ಕೂತಿರುವ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಸಾಹೇಬರೂ ಪ್ರೊಲ್ಯಾಕ್ಟಿನ್ ಕಳಿಸಿ ಅದೇ ಕೆಲಸಕ್ಕೆ ಒತ್ತಾಯಿಸುತ್ತಾರಂತೆ. ನನ್ನ ಮೇದೋಜೀರಕಕ್ಕೆ ಅಷ್ಟು ಕೈಲಾಗುತ್ತಿಲ್ಲ.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿಗೂ ನೊಗ ಹೂಡುವುದಿಲ್ಲ. ಆದ್ದರಿಂದ ಸದರಿ ಗ್ರಂಥಿಗೆ ಸೋಮವಾರದ ರಜೆ ಮಂಜೂರು ಮಾಡಬೇಕು. ಆಗದಿದ್ದರೆ ಪಿಟ್ಯುಟರಿ ಸಾಹೇಬರು ಒಂದು ದಿನವಾದರೂ ಕೆಳಗಿಳಿದು ಬಂದು ಅದರ ಪಾಳಿ ಮಾಡಬೇಕೆಂದು ಕೋರುತ್ತೇನೆ.

ನಿಜ ಹೇಳಲೇ, ನನಗೆ ಭಯವಾಗಿದೆ. ಸಕ್ಕರೆ ಹೀಗೇ ಇದ್ದರೆ ಮಗು ಒಳಗೇ ಮಿತಿಮೀರಿ ಬೆಳೆದು ಹೆರಿಗೆ ಕಷ್ಟವಾಗಬಹುದಂತೆ. ಅದಕ್ಕೇ ದಿನಾ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದೇನೆ. ತಾವು ಧಾರಾಳವಾಗಿ ಬಡಿಸಿ, ಆದರೆ ನನ್ನ ಕೂಸಿಗೆ ಎಷ್ಟು ಬೇಕೋ ಅಷ್ಟೇ ಬಡಿಸಿ.

ತಮ್ಮ ವಿಶ್ವಾಸಿಯೂ ಮನೆ ಮಾಲೀಕಳೂ ಆದ,
ಇಂಪನಾ

ಮರೆತ ಮಾತು: ತಾವು ಹೊರಟ ಮೇಲೆ ಸಕ್ಕರೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದಂತೆ. ಹೆರಿಗೆಯಾದ ಕೂಡಲೇ ಮಗುವನ್ನು ನನ್ನ ಎದೆಗೆ ಕೊಡುತ್ತಾರೆ, ತಮ್ಮನ್ನು ಆಸ್ಪತ್ರೆಯ ಕಸದ ಹಳದಿ ಚೀಲಕ್ಕೆ ಹಾಕುತ್ತಾರೆ. ಆ ಚೀಲದ ಬಾಯನ್ನು ತಾನೇ ಕಟ್ಟಬಹುದೇ ಎಂದು ನಮ್ಮತ್ತೆ ಈಗಾಗಲೇ ನರ್ಸಮ್ಮನನ್ನು ಕೇಳಿ ಬಂದಿದ್ದಾರೆ.