ರುಚಿ ನೋಡದ ರಮ್ಮಿನ ಪಾನಕ

ಯಾವುದರಲ್ಲಿ ಹೆಸರು ಬರಬೇಕೆಂದು ಮನುಷ್ಯನನ್ನು ಯಾರೂ ಮೊದಲು ಕೇಳುವುದಿಲ್ಲ. ಹಾನಗಲ್ಲಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿದ್ದ ನನಗೆ ನನ್ನ ಮೋಡಿ ಅಕ್ಷರದ, ಅಂದರೆ ಹಳೆಯ ಮರಾಠಿ ಕಾಗದಪತ್ರಗಳ ಲಿಪಿಯ, ಬಗ್ಗೆ ದೊಡ್ಡ ಹೆಮ್ಮೆ. ಎಂಥ ಹಳೆಯ ದಫ್ತರವನ್ನು ಮುಂದಿಟ್ಟರೂ ಪಟಪಟ ಓದಿಬಿಡುತ್ತಿದ್ದೆ. ಭಜನೆಯಲ್ಲಿ ತಾಳ ಹಾಕುತ್ತಿದ್ದೆ, ಅದೂ ಬಹುಮಟ್ಟಿಗೆ ಸರಿಯಾಗಿ. ಏಕಾದಶಿಯ ದಿನ ಹನಿ ನೀರು ಮುಟ್ಟುತ್ತಿರಲಿಲ್ಲ, ಮುಟ್ಟಲಿಲ್ಲವೆಂದು ನಾಲ್ಕು ಮಂದಿಗೆ ಹೇಳುತ್ತಲೂ ಇದ್ದೆ. ಇವುಗಳಲ್ಲಿ ಒಂದಕ್ಕಾದರೂ ಹೆಸರು ಬಂದಿದ್ದರೆ ನನಗೆ ತಕರಾರಿರಲಿಲ್ಲ. ಬಂದದ್ದು ಮಾತ್ರ ಕರಿ ರಮ್ಮಿಗೆ ಲಿಂಬೆಹಣ್ಣಿನ ರಸ ಬೆರೆಸುವುದಕ್ಕೆ. ನಾನು ಅದನ್ನು ಈ ಹೊತ್ತಿನವರೆಗೂ ನಾಲಿಗೆಗೆ ಹಚ್ಚಿದವನಲ್ಲ. ಈ ಮಾತು ಓದಿ ನೀವು ಒಳಗೊಳಗೇ ನಕ್ಕಿರೆಂದು ಬಲ್ಲೆ. ನನ್ನ ಮಗಳು ಕುಸುಮಳನ್ನು ನೋಡಲು ಸವಣೂರಿನಿಂದ ಬಂದವರೂ ಹೀಗೆಯೇ ನಕ್ಕರು. ನೀವು ನಕ್ಕರೆ ನನಗೇನೂ ಆಗುವುದಿಲ್ಲ. ಅವರು ನಕ್ಕಾಗ ಮಗಳ ಮದುವೆ ಮುರಿಯುವ ಹಂತಕ್ಕೆ ಬಂದಿತ್ತು.

ಆಗಿದ್ದು ಇಷ್ಟು. ಪ್ರಾಂತ ಸಾಹೇಬರು, ಅಂದರೆ ನಮ್ಮ ಭಾಗದ ತಾಲೂಕುಗಳ ಮೇಲೆಲ್ಲ ಅಧಿಕಾರವಿದ್ದ ಬಿಳಿಯ ಸಾಹೇಬರು, ಊರೂರು ತಿರುಗುವ ಫಿರತಿಯ ಮೇಲೆ ಬಂದು ಹಾನಗಲ್ಲಿನ ಬಂಗಲೆಯಲ್ಲಿ ಇಳಿದಿದ್ದರು. ಹೊತ್ತು ಮುಳುಗುವ ಸಮಯಕ್ಕೆ ಅವರಿಗೆ ಒಂದು ಗ್ಲಾಸು ಬೇಕೇ ಬೇಕು. ಅದನ್ನು ಮಾಡಿಕೊಡುವ ಬಟ್ಲರನಿಗೆ ಚಳಿಜ್ವರ ಹತ್ತಿ, ಎರಡು ಕಂಬಳಿಯ ಕೆಳಗೆ ನಡುಗುತ್ತ ಬಿದ್ದಿದ್ದ. ಮಾಮಲೇದಾರರು ಕಚೇರಿಯನ್ನೆಲ್ಲ ಒಮ್ಮೆ ದಿಟ್ಟಿಸಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

"ರಾಯರ, ನೀವ ಹೋಗ್ರಿ. ಬಾಟ್ಲಿ ಮ್ಯಾಲಿಂದು ಇಂಗ್ಲೀಷ್ ಓದಾಕ ಬರ್ತೈತಿ ನಿಮಗ."

"ಸಾಹೇಬ್ರ, ನಾ ವೈಷ್ಣವ ಇದ್ದೀನ್ರಿ," ಎಂದೆ.

"ಅದಕ್ಕ ನಿಮ್ಮನ್ನ ಕಳಸಾಕತ್ತೇನಿ. ಉಳಿದವರನ್ನ ಕಳಿಸಿದ್ರ ಬಾಟ್ಲಿ ಸಾಹೇಬ್ರ ತನಕ ಮುಟ್ಟೂದಿಲ್ಲ."

ಧೋತರ ಎತ್ತಿ ಕಟ್ಟಿ ಬಂಗಲೆಯ ದಾರಿ ಹಿಡಿದೆ.

ಬಟ್ಲರ್ ಗೋವೆಯವನು, ಬೆಳಗಾವಿಯ ಕ್ಯಾಂಪಿನಲ್ಲಿ ಪಳಗಿದವನು. ಮಲಗಿದಲ್ಲಿಂದಲೇ ಹಲ್ಲು ಕಟಕಟಿಸುತ್ತ ಸಾಮಾನು ಹೇಳಿದ. ಕರಿ ರಮ್, ಲಿಂಬೆಹಣ್ಣು, ಕಿತ್ತಳೆಹಣ್ಣು, ಸಕ್ಕರೆಯ ಪಾಕ, ಒಂದು ಕಹಿ ಔಷಧದ ನಾಲ್ಕು ಹನಿ, ಮೇಲೆ ತೇಯ್ದ ಜಾಜಿಕಾಯಿ, ತಳದಲ್ಲಿ ಬರ್ಫ, ಅಂದರೆ ಮಂಜುಗಡ್ಡೆ. ನಾನು ಹೇಸುತ್ತ ಹೇಸುತ್ತ ರಮ್ ಎಂದರೆ ಏನೆಂದು ಕೇಳಿದೆ. ಕಬ್ಬಿನ ಕಾಕಂಬಿಯನ್ನು ಹುಳಿ ಬರಿಸಿ, ಕಾಯಿಸಿ, ಆವಿ ಇಳಿಸಿ, ಕಟ್ಟಿಗೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ರಮ್ ಆಗುತ್ತದಂತೆ. ಕರಿ ಬಣ್ಣ ಪೀಪಾಯಿಯಿಂದ ಸ್ವಲ್ಪ, ಸುಟ್ಟ ಸಕ್ಕರೆಯಿಂದ ಸ್ವಲ್ಪ. ಕಾಕಂಬಿ ಎಂದರೆ ನಾವು ಚಿಕ್ಕಂದಿನಲ್ಲಿ ರೊಟ್ಟಿಗೆ ಹಚ್ಚಿಕೊಂಡು ಕೈ ಮೊಣಕೈವರೆಗೆ ನೆಕ್ಕಿದ ಕಾಕಂಬಿ! ನಮ್ಮ ಮನೆಯ ಬೆಲ್ಲಕ್ಕೆ ಇಂಥ ದಾಯಾದಿ ಇದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ.

ತೊಂದರೆ ಅಲ್ಲಿಂದಲೇ ಶುರುವಾಯಿತು. ಅದು ಬೆಲ್ಲದ ವಂಶದ್ದೆಂದು ತಿಳಿದ ಕೂಡಲೇ ನನ್ನ ಕೈ ಅದನ್ನು ಪಾನಕವೆಂದು ತಿಳಿಯಿತು. ರಾಮನವಮಿಯ ಪಾನಕ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಗಂಡಸರೇ ಮಾಡುವುದು, ನಾನು ಮುಂಜಿಯಾದಂದಿನಿಂದ ಮಾಡಿದ್ದೇನೆ. ನೈವೇದ್ಯಕ್ಕಿಡುವುದನ್ನು ರುಚಿ ನೋಡುವಂತಿಲ್ಲ. ಮೂಸಿ ನೋಡಿದರೂ ಎಂಜಲೇ. ತಾನಾಗಿ ಮೂಗಿಗೆ ಬಂದ ವಾಸನೆಗೆ ಮಾತ್ರ ನಾವು ಹೊಣೆಯಲ್ಲ. ಹಾಗಾಗಿ ಬಣ್ಣ ನೋಡಿ ಬೆಲ್ಲ, ಕೈಗೆ ಸಿಕ್ಕ ರಸ ನೋಡಿ ಹುಳಿ, ಹೀಗೆ ಅಂದಾಜಿನ ಮೇಲೆಯೇ ಹದ ಹಿಡಿಯುವುದು ನಮಗೆ ರೂಢಿ. ದೇವರು ಈ ತನಕ ದೂರು ಹೇಳಿಲ್ಲ.

ಸಕ್ಕರೆಯ ಪಾಕ ಬಿಟ್ಟು ಬೆಲ್ಲವನ್ನೇ ಕರಗಿಸಿ ಸೋಸಿದೆ, ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಕೂಡಲಿ ಎಂದು. ಲಿಂಬೆಯನ್ನು ಮೆಲ್ಲಗೆ ಹಿಂಡಿದೆ. ಜೋರು ಮಾಡಿದರೆ ಒಳಗಿನ ಬಿಳಿ ತೊಗಟೆಯ ಒಗರು ಇಳಿಯುತ್ತದೆ. ರಮ್ ಭಾರ, ಲಿಂಬೆ ಅದನ್ನು ಎತ್ತುತ್ತದೆ. ಲಿಂಬೆ ಒರಟು, ಕಿತ್ತಳೆ ಅದಕ್ಕೆ ಸಮಾಧಾನ ಹೇಳುತ್ತದೆ. ಇದಿಷ್ಟು ನಾನು ತಲೆಯಿಂದ ತಿಳಿದುಕೊಂಡದ್ದು, ನಾಲಿಗೆಯಿಂದಲ್ಲ. ಕಹಿ ಔಷಧದ ಶೀಶೆ ಮಾತ್ರ ಬರಿದಾಗಿತ್ತು. ಕಹಿ ಯಾಕೆ ಬೇಕೆಂದು ಬಟ್ಲರನನ್ನು ಕೇಳಿದರೆ, ಹುಳಿ ಸಿಹಿ ಜಗಳಾಡದಂತೆ ನಡುವೆ ಒಬ್ಬ ಹಿರಿಯ ಬೇಕಲ್ಲ ಎಂದ. ಬಂಗಲೆಯ ಹಿಂದೆ ಕಂಚಿಕಾಯಿಯ ಗಿಡವಿತ್ತು, ನಾವು ಉಪ್ಪಿನಕಾಯಿ ಹಾಕುವ ಆ ದಪ್ಪ ಸಿಪ್ಪೆಯ ಕಾಯಿ. ಸಿಪ್ಪೆಯನ್ನು ತೆಳ್ಳಗೆ ಕೆತ್ತಿ ಗ್ಲಾಸಿನ ಮೇಲೆ ಹಿಡಿದು ತಿರುಚಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಚಿಮ್ಮಿತು. ಬರ್ಫದ ಗಡ್ಡೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಯಲವಿಗಿಗೆ ಬಂದು, ಅಲ್ಲಿಂದ ಹಾನಗಲ್ಲಿಗೆ ಬರುವಷ್ಟರಲ್ಲಿ ಒದ್ದೆ ಗೋಣಿಚೀಲವೊಂದೇ ಉಳಿದಿತ್ತು. ಹೂಜಿಯ ನೀರು ಸೇರಿಸಿ ಒಂದು ತಂಬಿಗೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ತಣಿಸಿದೆ. ಹೋಳಿಗೆಗೆ ತೇಯುವಷ್ಟೇ ಜಾಜಿಕಾಯಿ ತೇಯ್ದೆ. ಅಭ್ಯಾಸಬಲದಿಂದ ಮೇಲೊಂದು ತುಳಸಿದಳ ಹಾಕಲು ಹೊರಟಿದ್ದ ಕೈಯನ್ನು ದೇವರೇ ಹಿಡಿದ.

ಸಾಹೇಬರು ಒಂದು ಗುಟುಕು ಕುಡಿದು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಗುಟುಕು ಕುಡಿದು ನನ್ನನ್ನು ಬೆಳಕಿಗೆ ಹಿಡಿದವರಂತೆ ನೋಡಿದರು. ಬಟ್ಲರನಿಗೆ ಇನ್ನೂ ಹೆಚ್ಚು ವಿಶ್ರಾಂತಿ ಬೇಕೆಂದು ಅಪ್ಪಣೆ ಮಾಡಿದರು.

ಅಲ್ಲಿಂದ ನನ್ನ ಮೋಡಿ ದಫ್ತರ ಮುಚ್ಚಿತು. ಸಾಹೇಬರ ಡೇರೆ ಎಲ್ಲಿಗೋ ಅಲ್ಲಿಗೆ ನಾನು. ಶಿಗ್ಗಾವಿಗೆ ಹೋದರೆ ಶಿಗ್ಗಾವಿ, ಹಿರೇಕೆರೂರಿಗೆ ಹೋದರೆ ಹಿರೇಕೆರೂರು. ಅಬಲೂರಿನಲ್ಲಿ ಹಳೆಯ ಗುಡಿಯ ಶಾಸನ ತೋರಿಸುತ್ತ ಊರ ಹಿರಿಯರೊಬ್ಬರು ತಾಸುಗಟ್ಟಲೆ ವಿವರಿಸಿದರು. ಎಲ್ಲ ಕೇಳಿ ತಲೆದೂಗಿದ ಸಾಹೇಬರು ನನ್ನತ್ತ ತಿರುಗಿ, ಇಲ್ಲಿ ಲಿಂಬೆ ಸಿಗುತ್ತದೆಯೇ ಎಂದು ಕೇಳಿದರು. ಚಿಕ್ಕೇರೂರಿನ ಗೌಡರು ಕಂಚಿಕಾಯಿ ಬುಟ್ಟಿಯನ್ನು ಸಾಹೇಬರ ಡೇರೆಗಲ್ಲ, ನಾನಿದ್ದಲ್ಲಿಗೇ ಹೊರಿಸಿಕೊಂಡು ಬಂದು, "ತಗೋರಿ ರಾಯರ, ನಿಮಗ ಬೇಕಾಗ್ತಾವಲ್ಲ," ಎಂದು ಒಂದು ಕಣ್ಣು ಮುಚ್ಚಿದರು. ಆ ಕಣ್ಣು ಮುಚ್ಚಿದ್ದು ನಾಲ್ಕೂರಿಗೆ ಕಂಡಿರಬೇಕು.

ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಅಲ್ಲೇ ನಿಂದರ್ರಿ. ಹಿತ್ತಲಾಗಿಂದ ಬರ್ರಿ. ಅರಿವಿ ಅಲ್ಲೇ ನೆನಿ ಹಾಕ್ರಿ." ಬಚ್ಚಲಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತ ನಾನು, ಕುಡಿದವರಿಗೆ ಇಷ್ಟು ಶಿಕ್ಷೆಯಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಇದೇ ಹೊತ್ತಿಗೆ ಕುಸುಮಳಿಗೆ ಸವಣೂರಿನ ಭೀಮರಾಯರ ಮಗನ ಸಂಬಂಧ ಬಂದಿತು. ಭೀಮರಾಯರು ಪುಣೆಯಲ್ಲಿ ಲಷ್ಕರದ, ಅಂದರೆ ಸೈನ್ಯದ, ಹಿಸಾಬು ಕಚೇರಿಯಲ್ಲಿದ್ದು ಪೆನ್ಶನ್ ಪಡೆದು ಊರಿಗೆ ಬಂದವರು. ಹಣೆಯ ಮೇಲೆ ಗೀರು ಗಂಧ, ಅಂಗಾರ, ಅಕ್ಷತೆ, ಮಾತಿಗೊಂದು ಶ್ಲೋಕ. ಹುಡುಗ ಒಳ್ಳೆಯವನು. ಕುಸುಮ ಅವನನ್ನು ಬಾಗಿಲ ಸಂದಿಯಿಂದ ನೋಡಿ, ಮೂರು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಇದಕ್ಕಿಂತ ಹೆಚ್ಚಿನ ಒಪ್ಪಿಗೆ ನಮ್ಮ ಮನೆಯ ಹೆಣ್ಣುಮಕ್ಕಳಿಂದ ಸಿಗುವುದಿಲ್ಲ. ಜಾತಕ ಕೂಡಿತು. ಎಲ್ಲ ಕೂಡಿದ ಮೇಲೆ ಭೀಮರಾಯರ ಕಿವಿಗೆ ನನ್ನ ಕೀರ್ತಿ ಬಿತ್ತು.

ಒಂದು ಮುಂಜಾನೆ ನಮ್ಮ ಪಡಸಾಲೆಯಲ್ಲಿ ಕುಳಿತು ಅವರು ನೇರವಾಗಿ ಕೇಳಿದರು. "ರಾಯರ, ನೀವು ತಗೋತೀರಿ ಅಂತಾರಲ್ಲ?"

"ಇಲ್ರಿ. ಮಾಡಿ ಕೊಡ್ತೀನಿ, ಅಷ್ಟ."

"ಛಲೋ ಮಾಡ್ತೀರಂತ."

"ಹಂಗ ಅಂತಾರ್ರಿ," ಎಂದೆ, ಸ್ವಲ್ಪ ಸಂಕೋಚದಿಂದ. ಸ್ವಲ್ಪ ಹೆಮ್ಮೆಯೂ ಇಣುಕಿರಬೇಕು, ಅದೇ ಕುತ್ತಾಯಿತು.

"ರುಚಿ ನೋಡದ ಛಲೋ ಹೆಂಗ ಆಗ್ತದರಿ? ಏನು, ನಮ್ಮನ್ನ ಹುಚ್ಚರು ಮಾಡ್ಲಿಕ್ಕೆ ಹತ್ತೀರೇನು?" ಎಂದು ನಕ್ಕರು. ನಾನು ಮೊದಲೇ ಹೇಳಿದ ನಗೆ ಇದು. "ವಿಚಾರ ಮಾಡಿ ತಿಳಸ್ತೀವಿ," ಎಂದು ಎದ್ದು ಹೋದರು. ತಟ್ಟೆಯಲ್ಲಿಟ್ಟ ಎಲೆ ಅಡಿಕೆ ಮುಟ್ಟಲಿಲ್ಲ. ಸವಣೂರಿನವರು ಎಲೆ ಮುಟ್ಟದೆ ಎದ್ದರೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಒಳಗೆ ಕುಸುಮ ಅಳುತ್ತಿದ್ದಳು. ಹೆಂಡತಿ ಅಳುವ ಜಾತಿಯವಳಲ್ಲ. "ನಾಳಿಂದ ಕೆಟ್ಟ ಮಾಡ್ರಿ. ನಿಮಗ ಬರಂಗಿಲ್ಲ ಅಂತ ಊರಿಗೆಲ್ಲ ಗೊತ್ತಾಗ್ಲಿ," ಎಂದಳು. ಸಂಜೆ ಬಂಗಲೆಗೆ ಹೋಗಿ ಬೇಕೆಂದೇ ಲಿಂಬೆಯನ್ನು ಸಿಪ್ಪೆ ಸಮೇತ ಜಜ್ಜಿ ಹಾಕಿದೆ, ಬೆಲ್ಲ ಅರ್ಧಕ್ಕೆ ಇಳಿಸಿದೆ, ಸಿಟ್ಟಿಗೆ ಒಂದು ಚೂರು ಹಸಿ ಶುಂಠಿಯನ್ನೂ ಕುಟ್ಟಿ ಸೇರಿಸಿದೆ. ಸಾಹೇಬರು ಕುಡಿದು, ಇಷ್ಟು ದಿನ ಇದನ್ನು ಯಾಕೆ ಮುಚ್ಚಿಟ್ಟಿದ್ದಿ ಎಂದು ಕೇಳಿದರು. ಕೆಡಿಸುವುದಕ್ಕೂ ರುಚಿ ಗೊತ್ತಿರಬೇಕೆಂದು ನನಗೆ ಅವತ್ತು ತಿಳಿಯಿತು.

ಬೇರೆ ದಾರಿಯಿಲ್ಲದೆ ಸವಣೂರಿಗೆ ಹೋಗಿ ಭೀಮರಾಯರ ಮುಂದೆ ಕೈ ಮುಗಿದು, ರಾಮನವಮಿಯ ಪಾನಕದ ಪದ್ಧತಿಯನ್ನೆಲ್ಲ ಹೇಳಿದೆ. ಅವರು ಗಂಧ ಒಣಗಿದ ಹಣೆ ಕೆರೆದುಕೊಂಡರು. "ಹಂಗಂದ್ರ ನಮ್ಮ ಕಣ್ಣ ಮುಂದ ಮಾಡಿ ತೋರಸ್ರಿ. ರುಚಿ ನೋಡದ ಛಲೋ ಆತು ಅಂದ್ರ ನಿಮ್ಮ ಮಾತು ಖರೆ. ಕೆಟ್ರ ನೀವು ಕುಡಿಯೂದು ಖರೆ," ಎಂದರು. ರಾಮನವಮಿ ಹತ್ತಿರವೇ ಇತ್ತು. ಹಾನಗಲ್ಲಿಗೆ ಬರಲು ಒಪ್ಪಿದರು.

ಬಂದರು. ಅಡಿಗೆಮನೆಯ ಬಾಗಿಲಿಗೆ ಎದುರಾಗಿ ಮಣೆ ಹಾಕಿಸಿಕೊಂಡು, ನನ್ನ ಕೈ ಬಾಯಿಗೆ ಹೋಗುವುದೋ ಎಂದು ಕಾಯುತ್ತ ಕುಳಿತರು. ನಾನು ಮಡಿಯುಟ್ಟು ಕುಳಿತೆ. ಕುಸುಮ ನೀರಿನ ಕೊಡ ಇಟ್ಟು ಹೋಗುವಾಗ ನನ್ನ ಮುಖ ಒಮ್ಮೆ ನೋಡಿದಳು, ಅಷ್ಟೇ. ಏಲಕ್ಕಿ ಎಲ್ಲಿ, ಒಣಶುಂಠಿ ಎಲ್ಲಿ ಎಂದು ಯೋಚಿಸುವ ಶಕ್ತಿಯೇ ಉಳಿಯಲಿಲ್ಲ. ಬುದ್ಧಿ ಕೈಕೊಟ್ಟಾಗ ಕೈ ತನಗೆ ತಿಳಿದದ್ದನ್ನು ಮಾಡಿತು. ಬೆಲ್ಲ ಕರಗಿತು, ಲಿಂಬೆಯ ರಸ ಸೇರಿತು, ಅರ್ಧ ಕಿತ್ತಳೆ ಬಿತ್ತು, ಕಂಚಿಯ ಸಿಪ್ಪೆ ತಿರುಚಿ ಎಣ್ಣೆ ಚಿಮ್ಮಿತು, ತಂಬಿಗೆಯಿಂದ ತಂಬಿಗೆಗೆ ಧಾರೆ ಇಳಿಯಿತು. ಜಾಜಿಕಾಯಿ ತೇಯ್ದು ಹಾಕಿದ ಮೇಲೆ ನನಗೆ ಎಚ್ಚರವಾಯಿತು. ಇದು ರಾಮನ ಪಾನಕವಲ್ಲ, ಸಾಹೇಬರದು! ಆದರೆ ಚೆಲ್ಲಿ ಬೇರೆ ಮಾಡುವಂತಿಲ್ಲ. ಹೆಂಡತಿ ಆಗಲೇ ಪಾತ್ರೆಯನ್ನು ದೇವರ ಮುಂದಿಟ್ಟು ನನ್ನ ಕೈಗೆ ಗಂಟೆ ಕೊಟ್ಟಿದ್ದಳು.

ನೈವೇದ್ಯವಾದ ಮೇಲೆ ಬೆಳ್ಳಿ ಲೋಟದಲ್ಲಿ ಭೀಮರಾಯರಿಗೆ ಬಂದಿತು. ಅವರು ಒಂದು ಗುಟುಕು ತೆಗೆದುಕೊಂಡು ಬಾಯಲ್ಲೇ ಹಿಡಿದರು. ಮೆಲ್ಲಗೆ ನುಂಗಿದರು. ಕಣ್ಣು ಮುಚ್ಚಿದರು. ಮುಖದ ಮೇಲಿನ ಗೆರೆಗಳೆಲ್ಲ ಸಡಿಲವಾದವು. ಆಮೇಲೆ, ನಿದ್ದೆಯಲ್ಲಿ ಮಾತಾಡುವವರ ಹಾಗೆ, "ಎಲ್ಲಾ ಬಂದದ... ಹುಳಿ ಬಂದದ, ಕಹಿ ಬಂದದ, ಜಾಜಿಕಾಯಿ ಭಾಳ ಛಲೋ ಕೂತದ... ಅದೊಂದ ಇಲ್ಲ ನೋಡ್ರಿ," ಎಂದರು.

"ಯಾವುದ್ರಿ ಇಲ್ಲ?" ಎಂದು ಬಾಗಿಲ ಹಿಂದಿನಿಂದ ನನ್ನ ಹೆಂಡತಿ, ಬಹಳ ವಿನಯದಿಂದ ಕೇಳಿದಳು.

ಭೀಮರಾಯರು ಕಣ್ಣು ತೆರೆದರು. ನನ್ನನ್ನು ನೋಡಿದರು. ನಾನು ಸೂರಿನ ತೊಲೆ ನೋಡುತ್ತಿದ್ದೆ. ಅವರಿಗೆ ಕೆಮ್ಮು ಬಂದಿತು, ಅದು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ತಟ್ಟೆಯಿಂದ ಒಂದೆಲೆ ತೆಗೆದುಕೊಂಡು, ಅದರ ತೊಟ್ಟು ಮುರಿಯುತ್ತ ಕೇಳಿದರು: "ಮತ್ತ, ಮುಹೂರ್ತ ವೈಶಾಖದಾಗ ಇಡೋಣೇನ್ರಿ?"

ವೈಶಾಖದಲ್ಲಿ ಮದುವೆಯಾಯಿತು. ಕುಸುಮ ಸುಖವಾಗಿದ್ದಾಳೆ, ತಂದೆಗೆ ಇದಕ್ಕಿಂತ ಹೆಚ್ಚೇನು ಬೇಕು? ಬೀಗರು ಆಗಾಗ ಸೊಸೆಯ ತವರು ನೋಡಲೆಂದು ಬರುತ್ತಾರೆ. ಸೊಸೆ ಜೊತೆಗೆ ಬರಲೇಬೇಕೆಂದಿಲ್ಲ. ಸಂಜೆಯ ಹೊತ್ತಿಗೆ "ರಾಯರ, ನಿಮ್ಮ ಪಾನಕ," ಎನ್ನುತ್ತಾರೆ, ಕಡಿಮೆ ಬಿದ್ದದ್ದನ್ನು ತಮ್ಮ ಚೀಲದೊಳಗಿನ ಶೀಶೆಯಿಂದ ತಾವೇ ಸೇರಿಸಿಕೊಳ್ಳುತ್ತಾರೆ. ಹದ ಹೇಗಾಯಿತೆಂದು ನಾನು ಕೇಳುವುದಿಲ್ಲ, ಮುಖ ನೋಡಿ ತಿಳಿಯುತ್ತೇನೆ. ಅವರು ಹೋದ ಮೇಲೆ ಲೋಟವನ್ನು ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ, ಹೆಂಡತಿ ಮುಟ್ಟುವುದಿಲ್ಲ. ಇನ್ನು ಸವಣೂರಿನಲ್ಲಿ ಭೀಮರಾಯರ ಹೆಸರು ತೆಗೆದರೆ ಸಾಕು, ಜನ ಈಗಲೂ ಕೈ ಮುಗಿಯುತ್ತಾರಂತೆ. ಹಾನಗಲ್ಲಿನ ಅಂಥ ಕುಡುಕನ ಮಗಳನ್ನು ಸೊಸೆ ಮಾಡಿಕೊಂಡ ದೊಡ್ಡ ಮನಸ್ಸು ಅವರದು ಎಂದು.