ಹಾಳೂರಿಗೊಬ್ಬ ಮಿಸ್ತ್ರಿ

ಕೆಟ್ಟದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ರೋಗವೆಂದು ನನ್ನ ಹೆಂಡತಿ ಭಾಗಮ್ಮ ಹೇಳುತ್ತಾಳೆ, ಕಸುಬೆಂದು ನಾನು ಹೇಳುತ್ತೇನೆ. ಕಪನೂರಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ನಾನು ಮಿಸ್ತ್ರಿ. ನಿಂತ ಗಾಲಿ ತಿರುಗಬೇಕು, ಸಡಿಲಾದ ಬೆಲ್ಟು ಬಿಗಿಯಾಗಬೇಕು, ನನಗೆ ತಿಳಿದ ವೇದಾಂತ ಅಷ್ಟೇ. (ನಾನು ರಿಪೇರಿ ಮಾಡಿದ ಮೇಲೆ ನಮ್ಮ ಮಿಕ್ಸರು ಶೇಂಗಾ ಚಟ್ನಿಯನ್ನು ನೇರ ತಲೆ ಮೇಲಿನ ಛತ್ತಿಗೇ ಬಡಿಸತೊಡಗಿದ್ದು ಬೇರೆ ಮಾತು.)

ಇಂಥವನ ಪಡಸಾಲೆಯಲ್ಲಿ ಆರು ತಿಂಗಳಿನಿಂದ ಒಂದು ಹಾಳೂರು ಬೀಡುಬಿಟ್ಟಿತ್ತು.

ಕಟ್ಟಿದವಳು ಮಗಳು ಸೃಷ್ಟಿ. ಅವಳೂ ಮೋಮಿನಪುರದ ಅವಳ ಗೆಳತಿ ನಜ್ಮಾಳೂ ಸೇರಿ ವಿಡಿಯೋ ಗೇಮ್ ಮಾಡುತ್ತಿದ್ದರು. ಊರನ್ನು ಮೊದಲು ಕೈಯಾರೆ ಕಟ್ಟಬೇಕಂತೆ, ಫೋಟೋ ತೆಗೆಯಬೇಕಂತೆ, ಆಮೇಲೆ ನಜ್ಮಾ ಅದನ್ನು ಕಂಪ್ಯೂಟರಿನೊಳಗೆ ಓಡಾಡಿಸುತ್ತಾಳಂತೆ. ರಟ್ಟಿನ ಮನೆ, ಜೋಳದ ದಂಟಿನ ಗಾಲಿ, ಬೆಂಕಿಪೊಟ್ಟಣದ ಕಿಟಕಿ. ಮುಂದೆಂದೋ ಬರುವ ಕೇಡುಗಾಲದ ಊರು ಅದು. ಆಳುವವರು ನೀರನ್ನೆಲ್ಲ ಒಂದು ಟಾಕಿಯಲ್ಲಿ ಕೂಡಿಟ್ಟು ಬೀಗ ಜಡಿದಿದ್ದಾರೆ. ದೀಪವಿಲ್ಲ, ಸೇತುವೆ ಮುರಿದಿದೆ, ಗಾಲಿಗಳೆಲ್ಲ ಜಾಮ್. ಒಗಟಿನ ಮೇಲೆ ಒಗಟು ಬಿಡಿಸುತ್ತ ಆ ಟಾಕಿಯನ್ನು ಮುಟ್ಟಬೇಕಾದ ವೀರನಾರಿಯ ಹೆಸರು ಗುಂಡಮ್ಮ. ಅದು ಕಮಲಾಪುರದಲ್ಲಿರುವ ನನ್ನ ಅತ್ತೆಯ ಹೆಸರು! ಅತ್ತೆಯ ಹಳೆಯ ಇಳಕಲ್ ಸೀರೆಯ ತುಂಡನ್ನೇ ಗೊಂಬೆಗೆ ಉಡಿಸಿದ್ದರು. (ಸಾಕ್ಷಾತ್ ಅತ್ತೆ ವರ್ಷಕ್ಕೆ ನಾಲ್ಕು ಸಲ ಬರುವುದು ಸಾಲದೆಂದು ಈಗ ಪಡಸಾಲೆಯಲ್ಲಿ ಕಾಯಂ ಠಿಕಾಣಿ.)

ಸೋಮವಾರ ಸಂಜೆಯೊಳಗೆ ಈ ಆಟವನ್ನು ಒಂದು ಸ್ಪರ್ಧೆಗೆ ಕಳಿಸಬೇಕಿತ್ತು. ಆಯ್ಕೆಯಾದರೆ ಅದನ್ನು ಪೂರ್ತಿಗೊಳಿಸಲು ಒಂದು ವರ್ಷದ ನೆರವು. ಇಲ್ಲವಾದರೆ ಸೃಷ್ಟಿ ಮತ್ತೆ ಸ್ಟೇಶನ್ ಬಜಾರಿನ ಝೆರಾಕ್ಸ್ ಅಂಗಡಿಯ ಸ್ಟೂಲಿಗೆ.

ಶನಿವಾರ ತಾಯಿ ಮಗಳು ಕಮಲಾಪುರಕ್ಕೆ ಬಸುರಿಯೊಬ್ಬಳ ಕುಬುಸದ ಕಾರ್ಯಕ್ಕೆ ಹೊರಟರು.

"ಅಪ್ಪಾ, ಸೇತುವೆದು ಫೋಟೋ ಇನ್ನಾ ತೆಗದಿಲ್ಲ. ನಾಳಿ ಬಂದು ತೆಗೀತೀನಿ. ಯಾವುದಕ್ಕೂ ಕೈ ಹಚ್ಚಬ್ಯಾಡ," ಎಂದಳು ಸೃಷ್ಟಿ.

"ಧೂಳರೆ ಝಾಡಿಸ್ಲೇನವ್ವಾ?"

"ಆ ಧೂಳನೂ ನಾನೇ ಹಾಕೀನಿ!"

"ರೀ, ರೊಟ್ಟಿ ಮುಚ್ಚಿಟ್ಟೀನಿ. ಉಂಡು ಮಕ್ಕೋರಿ. ಹತ್ಯಾರದ ಡಬ್ಬಿ ಮುಟ್ಟಬ್ಯಾಡ್ರಿ," ಎಂದಳು ಭಾಗಮ್ಮ.

ಹಾಳೂರಿಗೆ ಉಳಿದವನೇ ಗೌಡ. ಉಂಡೆ, ಮಲಗಿದೆ. ಆದರೆ ಕಣ್ಣು ತೆರೆದಾಗಲೆಲ್ಲ ಎದುರಿಗೆ ಆ ಮುರಿದ ಸೇತುವೆ. ಈಚೆ ದಂಡೆಯಲ್ಲಿ ಅತ್ತೆ ಇಳಕಲ್ ಸೀರೆಯುಟ್ಟು, 'ಮಿಸ್ತ್ರಿ ಅಳಿಯಾ ಇದ್ದೂ ನನಗಿದೇ ಗತಿಯೇನಪ್ಪಾ?' ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಸೇತುವೆ ಒಂದೇ ಒಂದು, ಎಂದುಕೊಂಡು ಎದ್ದೆ. ಮಿಲ್ಲಿನ ಒಡೆದ ಪೈಪಿಗೆ ಹಚ್ಚುವ ಅಂಟು ಮೆತ್ತಿ, ತಂತಿ ಬಿಗಿದೆ. ಸೇತುವೆಯಾದ ಮೇಲೆ ಗಾಲಿ ಯಾಕೆ ನಿಂತಿರಬೇಕು? ಎಣ್ಣೆ ಬಿಟ್ಟೆ. ಗಾಲಿ ತಿರುಗಿದ ಮೇಲೆ ಟಾಕಿಗೆ ಬೀಗ ಯಾಕೆ? ಪಕ್ಕಡದ ಬಾಯಿಗೆ ಸಿಕ್ಕಿಸಿ ಕಿತ್ತು ಒಗೆದು, ನೀಲಿ ದಾರದ ನೀರನ್ನು ಮನೆ ಮನೆಗೂ ಹರಿಸಿದೆ. ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಗೋಡೆಗಳಿಗೆ, ದೀಪಾವಳಿಯ ಸೀರಿಯಲ್ ಸೆಟ್ಟು ಬೀದಿಗೆ. ಭಾನುವಾರ ಮಧ್ಯಾಹ್ನಕ್ಕೆ ಊರು ಝಗಝಗ!

ಸಂಜೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಇಬ್ಬರೂ ಬಂದರು. ಶಹಬ್ಬಾಸ್‌ಗಿರಿಗೆ ನಾನು ಎದೆಯುಬ್ಬಿಸಿ ನಿಂತೆ. ಸೃಷ್ಟಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಪ್ಪಾ... ಗುಂಡಮ್ಮ ಈಗ ಮನಿ ಬಿಟ್ಟು ಟಾಕಿತನಕ ಹ್ಯಾಂಗ ಹೋಗಬೇಕು?"

"ಹ್ಯಾಂಗಂದ್ರ? ನೆಟ್ಟಗ ನಡಕೊಂತ ಹೋಗ್ತಾಳ. ಎರಡು ನಿಮಿಷದ ದಾರಿ!"

"ಆ ದಾರಿ ಇಲ್ಲದ್ದೇ ಆಟ ಇತ್ತಪಾ!" ಎಂದವಳೇ ಗೋಡೆಗೆ ಮುಖ ಮಾಡಿ ಅಳತೊಡಗಿದಳು.

"ಮುಟ್ಟಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ?" ಎಂದು ಭಾಗಮ್ಮ ಗುಡುಗಿದಳು.

"ಮುರದದ್ದು ಕಂಡು ಹ್ಯಾಂಗ ಸುಮ್ಮ ಕೂಡ್ಲಿ?"

"ನಮ್ಮ ಬಚ್ಚಲದಾಗಿನ ನಳ ವರ್ಷದಿಂದ ಸೋರಾಕತ್ತದ. ಅದು ಕಾಣಂಗಿಲ್ಲೇನು ನಿಮಗ?"

"ಅದು ಹಂಗಲ್ಲ, ನೋಡು, ಅದರ ವಾಶರ್ ಏನದಲಾ..."

ಮುಂದಿನ ಮಾತು ಹೊರಬರಲಿಲ್ಲ. ಭಾಗಮ್ಮ ಒಂದು ಬಾಳೆಹಣ್ಣು ಸುಲಿದು ನನ್ನ ಬಾಯಿಗಿಟ್ಟಿದ್ದಳು. ಹಣ್ಣು ಸಿಹಿಯಾಗಿತ್ತು, ತಿಂದೆ. ಆದರೆ ಮಗಳ ಅಳು ನಿಲ್ಲಲಿಲ್ಲ. ಸೇತುವೆಯನ್ನು ಮತ್ತೆ ಮುರಿಯಲು ಹೋದೆ. ಸುತ್ತಿಗೆಗೂ ಜಗ್ಗಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ರಿಪೇರಿಯೊಂದು ಗಟ್ಟಿಯಾಗಿ ನಿಂತಿತ್ತು, ಹಾಳಾಗಲಿ!

ಸೋಮವಾರ ಬೆಳಿಗ್ಗೆ ನಜ್ಮಾ ಬಂದಳು. ಊರನ್ನು ಸುತ್ತು ಹಾಕಿ ನೋಡಿದಳು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ.

"ಅರೆ ವಾಹ್! ಆಟದ ಕಡೀಕ ಊರು ಸುಧಾರಿಸಿದ್ದು ತೋರಿಸಬೇಕಂತ ನಾ ಬಡಕೊಂಡ್ರ, ಇನ್ನೊಂದು ಊರು ಕಟ್ಟಾಕ ಟೈಮಿಲ್ಲ ಅಂದಿದ್ದಿ. ಚಾಚಾ ಕಟ್ಯಾರ ನೋಡು! ಸೇತುವೆದೊಂದು ಬಿಟ್ಟು ಹಾಳೂರಿನ ಫೋಟೋ ಹೆಂಗೂ ನನ್ನ ಕಡೆ ಅವ."

ಸೃಷ್ಟಿ ಕಣ್ಣೊರೆಸಿಕೊಂಡಳು. "ಖರೇ... ಆದ್ರ ಸೇತುವೆ ಗಟ್ಟಿ ಅದ. ಗುಂಡಮ್ಮಗ ಅಲ್ಲಿ ಅಡ್ಡ ಬರಾಕ ಏನರೆ ಬೇಕಲ್ಲ?"

ಭಾಗಮ್ಮನೂ ಸೇರಿ ಮೂವರೂ ಒಮ್ಮೆಲೇ ನನ್ನತ್ತ ತಿರುಗಿದರು. ಆ ನೋಟದ ಅರ್ಥ ನನಗಾಗ ಆಗಲಿಲ್ಲ. ಅಂತೂ ಸಂಜೆ ಐದಕ್ಕೆ ಆಟ ಸ್ಪರ್ಧೆಗೆ ಹೋಯಿತು.

ಮೊನ್ನೆ ಸುದ್ದಿ ಬಂತು. ಆಯ್ಕೆಯಾಗಿದೆ, ವರ್ಷದ ನೆರವು ಸಿಕ್ಕಿದೆ! ಸೃಷ್ಟಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ನನ್ನ ಕಣ್ಣೂ ತುಂಬಿತು. ಆ ಖುಷಿಯಲ್ಲಿ ನಾನೂ ಒಂದು ಕೈ ಆಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತೆ.

ಸೇತುವೆಯವರೆಗೆ ಸಲೀಸಾಗಿ ಬಂದೆ. ಅಲ್ಲೊಬ್ಬ ಗೊಂಬೆ ಮನುಷ್ಯ. ಖಾಕಿ ಅಂಗಿ, ದಪ್ಪ ಮೀಸೆ, ಕೈಯಲ್ಲಿ ಪಕ್ಕಡ. "ನಿಲ್ಲು! ಅದು ಹಂಗಲ್ಲ, ಹಿಂಗ!" ಎಂದು ಗುಂಡಮ್ಮನನ್ನು ಅಡ್ಡಗಟ್ಟಿ ಉಪದೇಶ ಶುರುಮಾಡಿದ. ಎಣ್ಣೆ ಕೊಟ್ಟೆ, ತಂತಿ ಕೊಟ್ಟೆ, ಗುಂಡಮ್ಮನಿಂದ ಕೈಮುಗಿಸಿದೆ. ಕೊಟ್ಟಷ್ಟೂ ಅವನ ಮಾತು ಬೆಳೆಯಿತು. ಅರ್ಧ ತಾಸಾಯಿತು.

"ಇವ ಯಾವ ಪರಿ ತಲೀ ತಿನ್ನಾಕತ್ಯಾನ! ಇವನ ಹೆಂಡ್ತಿ ಹ್ಯಾಂಗ ಬಾಳೇ ಮಾಡ್ತಾಳೋ ಏನೋ," ಎಂದೆ.

ಭಾಗಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಸರೀರಿ," ಎಂದು ಒಂದು ಗುಂಡಿ ಒತ್ತಿದಳು. ಗುಂಡಮ್ಮನ ಚೀಲದಿಂದ ಕೆಂಪು ಬಾಳೆಹಣ್ಣೊಂದು ಹೊರಬಂದು ಆ ಮೀಸೆಯ ಕೆಳಗೆ ಸೇರಿತು. ಮನುಷ್ಯ ತೆಪ್ಪಗಾಗಿ ಬದಿಗೆ ಸರಿದ. ಅತ್ತೆ ಸೆರಗು ಹಾರಿಸುತ್ತ ಸೇತುವೆ ದಾಟಿದರು.

"ನಿನಗ ಯಾರು ಹೇಳಿಕೊಟ್ರು?" ಎಂದೆ.

"ಮೂವತ್ತು ವರ್ಷದಿಂದ ಇದೇ ಆಟ ಆಡಾಕತ್ತೀನಲ್ರಿ."

ತಕ್ಕ ಉತ್ತರ ಕೊಡಲೇಬೇಕೆಂದು ಬಾಯಿ ತೆರೆದೆ. ಅವಳ ಕೈಯಲ್ಲಿ ಸುಲಿದ ಹಣ್ಣು ತಯಾರಾಗಿತ್ತು.