ಬೆಕ್ಕಿನ ಬಣ್ಣ

"ಅದು ಬಾಯಿ ಮುಚ್ಚುತ್ತೋ, ಇಲ್ಲ ನಾನೇ ಮುಚ್ಚಿಸ್ಲೋ?"

"ಮುಚ್ಚಿಸಿ ನೋಡಿ! ಅದು ನಮ್ಮ ತವರಿನ ಮರಿ. ಅದರ ಒಂದು ಕೂದಲು ಕೊಂಕಿದ್ರೂ ನಾನೀ ಮನೇಲಿರಲ್ಲ!"

"ತವರಿನ ಮರಿಯಂತೆ! ಗಂಟ್ಲು ಕೇಳಿದಾಗಲೇ ಗೊತ್ತಾಯ್ತು. ನಿಮ್ಮ ಕಡೆಯೋರೆಲ್ಲ ಹಂಗೇ ಕೂಗೋದು."

ಯಗಟಿಯ ಷಣ್ಮುಖಪ್ಪನ ಮನೆಯಲ್ಲಿ ಬೆಳಗಿನ ಕಾಫಿಗೂ ಮುಂಚೆ ಹೊತ್ತಿಕೊಂಡ ಜಗಳ ಇದು. ಕಾರಣ ಅಂಗೈಯಗಲದ ಒಂದು ಬೆಕ್ಕಿನ ಮರಿ. ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟಿದ್ದ ತೆಂಗಿನಕಾಯಿಗೆ ಇಲಿ ಬಿದ್ದಿತ್ತು. ಕಾಯಿ ಕೊಬ್ಬರಿಯಾಗಲು ವರ್ಷ ಬೇಕು, ತೂತು ಮಾಡಲು ಇಲಿಗೆ ಒಂದು ರಾತ್ರಿ ಸಾಕು. ಅದಕ್ಕೇ ಹೆಂಡತಿ ಜಯಲಕ್ಷ್ಮಮ್ಮ ಅಜ್ಜಂಪುರದ ತವರಿಗೆ ಹೋಗಿ, ತಮ್ಮ ಬಸವರಾಜನ ಮನೆಯಿಂದ ಒಂದು ಮರಿಯನ್ನು ಚೀಲದಲ್ಲಿ ಹಾಕಿ ತಂದಿದ್ದಳು. ಅವಳು ಬಂದಿಳಿದದ್ದು ಹಿಂದಿನ ಸಂಜೆ, ಕರೆಂಟು ಹೋಗಿದ್ದಾಗ. ಇನ್ನೂ ತಾಯಿ ಹಾಲು ಬಿಡದ ಮರಿ. ಇಲಿ ಹಿಡಿಯುವ ಮಾತು ಹಾಗಿರಲಿ, ಇಲಿಯೇ ಅದನ್ನು ಕಚ್ಚಿಕೊಂಡು ಹೋಗುವ ಗಾತ್ರ. ರಾತ್ರಿಯೆಲ್ಲ ತಾಯಿಗಾಗಿ ಅತ್ತು ಅತ್ತು ಷಣ್ಮುಖಪ್ಪನ ನಿದ್ದೆ ಕೆಡಿಸಿತ್ತು. ಪಂಚೆಯನ್ನೂ ಒದ್ದೆ ಮಾಡಿತ್ತು.

ಜಯಲಕ್ಷ್ಮಮ್ಮ ಕಡೂರಿನಲ್ಲಿ ನಾದಿನಿಯ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದಳು. ಸ್ನಾನ ಮಾಡಿ, ಸೀರೆ ಉಟ್ಟು, ಗಂಡನ ಮುಂದೆ ನಿಂತಳು.

"ಈ ಸೀರೆ ಹೆಂಗಿದೆ?"

"ಸೀರೆ ಸೀರೆ ಥರ ಇದೆ," ಎಂದ ಷಣ್ಮುಖಪ್ಪ, ಫೋನಿನಿಂದ ಕಣ್ಣು ತೆಗೆಯದೆ.

ಅವಳು ಸೂಜಿಯಿಲ್ಲದ ಸಿರಿಂಜನ್ನು ಅವನ ಕೈಗೆ ಕೊಟ್ಟಳು. "ಪಶು ಆಸ್ಪತ್ರೆ ಡಾಕ್ಟರಮ್ಮ ಹೇಳವ್ರೆ. ಎರಡು ಗಂಟೆಗೊಂದ್ಸಲ ಹಾಲಿಗೆ ಬಿಸಿನೀರು ಬೆರೆಸಿ ತೊಟ್ಟು ತೊಟ್ಟಾಗಿ ಕುಡಿಸ್ಬೇಕು. ಅಂಗಾತ ಮಲಗಿಸಿ ಕುಡಿಸ್ಬೇಡಿ, ಶ್ವಾಸಕ್ಕೆ ಹೋಗುತ್ತೆ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂದುಗಡೆ ಒರೆಸ್ಬೇಕು. ಒರೆಸಿದ್ರೇನೇ ಅದು ಉಚ್ಚೆ ಮಾಡೋದು."

"ಪಂಚೆ ಮೇಲೆ ಮಾಡ್ದಾಗ ಯಾರು ಒರೆಸಿದ್ರು?"

"ಬೆಚ್ಚಗಿಡಿ. ಚಳಿಗೆ ಸತ್ತೋಗುತ್ತೆ. ಸಂಜೆ ತಮ್ಮನ ಬೈಕಲ್ಲಿ ಬತ್ತೀನಿ. ಬಂದಾಗ ಮರಿ ಇಲ್ದಿದ್ರೆ ಅದೇ ಬೈಕಲ್ಲಿ ಅಜ್ಜಂಪುರಕ್ಕೆ ವಾಪಸ್. ಆಮೇಲೆ ನೀವುಂಟು, ನಿಮ್ಮಿಲಿಗಳುಂಟು."

ಅವಳ ಮಾತು ಕಬ್ಬಿಣದ ಸರಪಳಿ ಇದ್ದಂತೆ, ತುಂಡಾಗುವುದಲ್ಲ. ಹಿಂದೊಮ್ಮೆ ಇಂಥದೇ ಮಾತಿಗೆ ಹೋದವಳು ಯುಗಾದಿ ಕಳೆದು ಬಂದಿದ್ದಳು. ಅಲ್ಲಿಯವರೆಗೆ ಷಣ್ಮುಖಪ್ಪ ತಾನೇ ತೊಳಸಿದ ಮುದ್ದೆ ತಿಂದು ಎರಡು ಹಲ್ಲು ಅಲ್ಲಾಡಿಸಿಕೊಂಡಿದ್ದ.

ಅವಳು ಹೋದ ಮೇಲೆ ಷಣ್ಮುಖಪ್ಪ ಗೊಣಗುತ್ತಲೇ ಹಾಲು ಕುಡಿಸಿದ. ಸೀರೆ ತುಂಡಿನಲ್ಲಿ ಸುತ್ತಿದ್ದ ಮರಿಯ ಮೂತಿಯಷ್ಟೇ ಹೊರಗಿತ್ತು. ಬಾಯಿ ಎಲ್ಲಿದೆ ಎಂದು ನೋಡಿದನೇ ಹೊರತು ಬೇರೇನನ್ನೂ ನೋಡಲಿಲ್ಲ. ಮುಖ ಅತ್ತ ತಿರುಗಿಸಿ, ಹೇಳಿದಂತೆ ಒರೆಸಿಯೂ ಒರೆಸಿದ. ಹೊಟ್ಟೆ ತುಂಬಿದ ಮರಿ ತೂಕಡಿಸಿತು.

ಆಗ ಬೇಲಿಯಾಚೆಯಿಂದ ಪಕ್ಕದ ಮನೆಯ ಈರಕ್ಕ ಕತ್ತು ಚಾಚಿದಳು. "ಏನಪ್ಪಾ ಷಣ್ಮುಖ, ಮರಿ ಬಂತಂತೆ. ಒರಳುಕಲ್ಲು ಸುತ್ತಿಸಿದ್ರಾ?"

"ಯಾಕೆ?"

"ಯಾಕೆ ಅಂತಾನೆ ನೋಡು! ಚೀಲದಲ್ಲಿ ಹಾಕ್ಕೊಂಡು ಮೂರು ಸುತ್ತು ಸುತ್ತಿಸಿದ್ರೆ ದಾರಿ ಮರೀತದೆ. ಇಲ್ಲಾಂದ್ರೆ ಬಂದ ದಾರೀಲೇ ವಾಪಸ್."

ವಾಪಸ್ ಎಂಬ ಮಾತಿಗೆ ಷಣ್ಮುಖಪ್ಪ ದಡಬಡಿಸಿ ಎದ್ದ. ಮರಿಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹಿತ್ತಲಿಗೆ ಹೋದ. ಮಿಕ್ಸಿ ಬಂದ ಮೇಲೆ ಒರಳುಕಲ್ಲು ಬಚ್ಚಲುಮನೆಯ ಬಾಗಿಲಲ್ಲಿ ಅನಾಥವಾಗಿ ಬಿದ್ದಿತ್ತು. ಈರಕ್ಕನ ಉಸ್ತುವಾರಿಯಲ್ಲಿ ಮೂರು ಸುತ್ತು ಸುತ್ತಿದ. ಅಷ್ಟರಲ್ಲಿ ಎದುರುಮನೆಯ ರಂಗಯ್ಯ ಬಂದ.

"ಲೇ ಲೇ! ಬಲಕ್ಕೆ ಯಾಕೋ ಸುತ್ತುತೀಯ? ಬಲಕ್ಕೆ ಸುತ್ತೋದು ದೇವರಿಗೆ. ಬೆಕ್ಕಿಗೆ ಎಡಕ್ಕೆ!"

"ಎಡಕ್ಕೆ ಸುತ್ತೋದು ಹೆಣಕ್ಕೆ ಕಣಯ್ಯಾ!" ಈರಕ್ಕ ಸೊಂಟಕ್ಕೆ ಕೈಯಿಟ್ಟಳು.

"ಬಲಕ್ಕೆ ಸುತ್ತಿದ್ರೆ ದಾರಿ ಇನ್ನೂ ಚೆನ್ನಾಗಿ ನೆನಪಿರ್ತದೆ. ಮೊದ್ಲು ಸುತ್ತಿದ್ದನ್ನ ಬಿಚ್ಚೋ!"

ಷಣ್ಮುಖಪ್ಪ ಎಡಕ್ಕೆ ಮೂರು ಸುತ್ತಿ ಬಿಚ್ಚಿದ. ಬಿಚ್ಚಿದ್ದಕ್ಕೂ ಸುತ್ತಿದ್ದಕ್ಕೂ ಲೆಕ್ಕ ಸರಿಹೋಯಿತು, ಹಾಗಾಗಿ ಇನ್ನು ಮೂರು ಎಡಕ್ಕೆ ಎಂದ ರಂಗಯ್ಯ. ಅಪಶಕುನ, ಮತ್ತೆ ಬಲಕ್ಕೆ ಎಂದಳು ಈರಕ್ಕ. ಗಾಣದೆತ್ತಿನ ಹಾಗೆ ಅತ್ತಿತ್ತ ತಿರುಗಿ ತಿರುಗಿ ಷಣ್ಮುಖಪ್ಪನಿಗೆ ತೆಂಗಿನಮರಗಳು ತಲೆಕೆಳಗಾಗಿ ಕಂಡವು. ಚೀಲವನ್ನು ಕೆಳಗಿಟ್ಟು ಒರಳುಕಲ್ಲಿನ ಮೇಲೆ ಕೂತುಬಿಟ್ಟ.

"ನೀವಿಬ್ರೂ ಮೊದ್ಲು ಒಂದು ದಿಕ್ಕು ತೀರ್ಮಾನ ಮಾಡಿ ಸಾಯ್ರಿ!"

ಅವರು ತೀರ್ಮಾನ ಮಾಡಲಿಲ್ಲ. ಈರಕ್ಕನ ಹಸು ರಂಗಯ್ಯನ ರಾಗಿ ಮೇಯ್ದದ್ದು, ರಂಗಯ್ಯನ ನಾಯಿ ಈರಕ್ಕನ ಕೋಳಿ ಹಿಡಿದದ್ದು, ಎಲ್ಲವೂ ಹೊರಗೆ ಬಂತು. ಷಣ್ಮುಖಪ್ಪನೂ ಸುಮ್ಮನಿರುವ ಜಾತಿಯಲ್ಲ, ಇಬ್ಬರಿಗೂ ಬೈದ. ಬೈದು ಮುಗಿಸಿ ಚೀಲ ಎತ್ತಿದರೆ ಚೀಲ ಹಗುರಾಗಿತ್ತು. ಒಳಗೆ ಸೀರೆ ತುಂಡೊಂದೇ ಇತ್ತು.

ಹುಡುಕಿದ್ದೇ ಹುಡುಕಿದ್ದು. ಅಟ್ಟ, ಕೊಟ್ಟಿಗೆ, ಮಟ್ಟೆಯ ರಾಶಿ, ಹುಲ್ಲಿನ ಬಣವೆ ಎಲ್ಲ ಆಯಿತು. ರಂಗಯ್ಯನ ನಾಯಿಯ ಬಾಯಿ ಅಗಲಿಸಿಯೂ ನೋಡಿದ. ನಾಯಿಗಿಂತ ರಂಗಯ್ಯನೇ ಹೆಚ್ಚು ಬೊಗಳಿದ. ಷಣ್ಮುಖಪ್ಪ ಬಚ್ಚಲಿಗೆ ಹೋಗಿ ಹಂಡೆಯ ನೀರನ್ನು ಮುಖಕ್ಕೆ ಹಾಕಿಕೊಂಡು ಹೊರಬರುತ್ತಿದ್ದಂತೆ ಫೋನು ಹೊಡೆದುಕೊಂಡಿತು.

"ಮರಿ ಹೆಂಗಿದೆ?" ಜಯಲಕ್ಷ್ಮಮ್ಮ.

"ಚೆನ್ನಾಗಿದೆ. ಇಲ್ಲೇ, ಪಕ್ಕದಲ್ಲೇ ಇದೆ."

"ಫೋನು ಅದರ ಬಾಯ ಹತ್ರ ಹಿಡೀರಿ. ದನಿ ಕೇಳ್ಬೇಕು."

ಷಣ್ಮುಖಪ್ಪ ಅತ್ತಿತ್ತ ನೋಡಿದ. ಗಂಟಲು ಸಣ್ಣ ಮಾಡಿಕೊಂಡು, "ಮಿಯಾಂವ್," ಎಂದ.

"ಪಾಪ, ಗಂಟ್ಲು ಕಟ್ಟಿದೆ. ಬಿಸಿನೀರು ಜಾಸ್ತಿ ಬೆರೆಸಿ," ಎಂದು ಅವಳು ಫೋನಿಟ್ಟಳು.

ಬೇಲಿಯ ಆಚೆ ಈರಕ್ಕ ಬಾಯಿಗೆ ಸೆರಗು ತುರುಕಿಕೊಂಡು ಕೂತುಬಿಟ್ಟಿದ್ದಳು.

ಇನ್ನು ಮರ್ಯಾದೆ ನೋಡಿದರೆ ಆಗದೆಂದು ಷಣ್ಮುಖಪ್ಪ ಹಾಲಿನ ಡೈರಿಗೆ ಓಡಿದ. ದನದ ಹಿಂಡಿ ಬಂದರೂ ಸಾವಾದರೂ ಊರಿಗೆ ತಿಳಿಯುವುದು ಅಲ್ಲಿಯ ಮೈಕಿನಿಂದ. ಹಾಲು ಅಳೆಯುವ ಹಾಲೇಶ ಮೈಕು ಹಿಡಿದು ಕೇಳಿದ, "ಮರಿ ಬಣ್ಣ ಯಾವ್ದಣ್ಣ?"

ಷಣ್ಮುಖಪ್ಪ ಎಷ್ಟು ನೆನೆಸಿಕೊಂಡರೂ ಒಂದು ಪುಟ್ಟ ಬಾಯಿ, ಅದರ ಸುತ್ತ ಸೀರೆ ತುಂಡು. ಅಷ್ಟೇ.

"ಬೆಕ್ಕಿನ ಬಣ್ಣ ಕಣೋ!"

"ಬೆಕ್ಕಿನ ಬಣ್ಣ ಅಂದ್ರೆ?"

"ಬೆಕ್ಕು ಯಾವ ಬಣ್ಣ ಇರ್ತದೋ ಆ ಬಣ್ಣ! ಎಮ್ಮೆ ಬಣ್ಣ ಇರ್ತದಾ? ಕೂಗೋ ಮೊದ್ಲು!"

ಹಾಲೇಶ ಕೂಗಿದ. ಷಣ್ಮುಖಪ್ಪನವರ ಬೆಕ್ಕಿನ ಮರಿ ಕಳೆದಿದೆ, ಬೆಕ್ಕಿನ ಬಣ್ಣದ್ದು, ತಂದುಕೊಟ್ಟವರಿಗೆ ಒಂದು ಬುಟ್ಟಿ ತೆಂಗಿನಕಾಯಿ.

ಆ ತಿಂಗಳು ಊರಿನಲ್ಲಿ ಮರಿ ಹಾಕದ ಬೆಕ್ಕೇ ಇರಲಿಲ್ಲ ಎಂಬುದು ಷಣ್ಮುಖಪ್ಪನಿಗೆ ಗೊತ್ತಾದದ್ದು ಆಮೇಲೆ. ಮೊದಲು ಬಂದವಳು ಈರಕ್ಕ, ಮಡಿಲಲ್ಲಿ ಪಟ್ಟೆಪಟ್ಟೆಯದೊಂದನ್ನು ಇಟ್ಟುಕೊಂಡು.

"ನಮ್ಮ ಬಣವೇಲಿ ಸಿಕ್ತಪ್ಪ. ನಿಂದೇ ಇರ್ಬೇಕು, ನಿನ್ನ ಹಂಗೇ ಗುರ್ ಅಂತದೆ."

ಹಿಂದೆಯೇ ರಂಗಯ್ಯ ಬಂದ. ಒಂದು ಕೈಯಲ್ಲಿ ಕರಿಯದು, ಒಂದು ಕೈಯಲ್ಲಿ ಕಂದು. "ಎರಡರಲ್ಲಿ ಒಂದಂತೂ ನಿಂದೇ. ಎರಡು ಬುಟ್ಟಿ ಕೊಡು."

ಮೂಲೆಮನೆಯ ನಯನ ಬಿಳಿಯದನ್ನು ತಂದಳು. ಕೆರೆ ಕಡೆಯ ಹೊನ್ನಯ್ಯ ಗೋಣಿಚೀಲದಲ್ಲಿ ಎರಡು ತಂದ. ಒಂದು ಮಚ್ಚೆಮಚ್ಚೆಯ ಮರಿ, ಇನ್ನೊಂದಕ್ಕೆ ಮೀಸೆಯೇ ಗೇಣುದ್ದ.

"ಲೇ, ಇದು ಮರಿನಾ? ಇದಕ್ಕೇ ಮೊಮ್ಮಕ್ಕಳು ಇರ್ಬೇಕಲ್ಲೋ!"

"ಹೆದ್ರಿಕೆಗೆ ಮೀಸೆ ಬೆಳೆದಿರ್ತದೆ ಕಣಣ್ಣ," ಎಂದ ಹೊನ್ನಯ್ಯ.

ಅದೊಂದನ್ನು ಬಿಟ್ಟು ಐದನ್ನೂ ಷಣ್ಮುಖಪ್ಪ ಇಟ್ಟುಕೊಂಡ. ಬೇರೆ ದಾರಿಯಿರಲಿಲ್ಲ. ಇದರಲ್ಲಿ ಒಂದು ನಮ್ಮದೇ ಇರಬೇಕು, ಯಾವುದೆಂದು ಅವಳೇ ಆರಿಸಿಕೊಳ್ಳಲಿ, ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂಬುದು ಅವನ ಲೆಕ್ಕ. ಅಟ್ಟ ಹತ್ತಿ ಹತ್ತಿ ಬುಟ್ಟಿ ತುಂಬಿದ. ಇಲಿಗಳು ವರ್ಷವೆಲ್ಲ ತಿಂದರೂ ಮುಗಿಯದಷ್ಟು ಕಾಯಿ ಒಂದೇ ಮಧ್ಯಾಹ್ನಕ್ಕೆ ಬೀದಿ ಸೇರಿತು. ಆಮೇಲೆ ಐದಕ್ಕೂ ಹಾಲು ಕುಡಿಸಿದ, ಐದಕ್ಕೂ ಒರೆಸಿದ. ಐದನೆಯದನ್ನು ಒರೆಸುವಾಗ ಮೊದಲನೆಯದು ಮತ್ತೆ ಹಸಿವೆಂದು ಕೂಗಿತು.

ಮುಸ್ಸಂಜೆಗೆ ಬೈಕು ಬಂತು. ಜಯಲಕ್ಷ್ಮಮ್ಮ ಇಳಿದು ಹೊಸ್ತಿಲಲ್ಲೇ ನಿಂತಳು. ಹಜಾರದಲ್ಲಿ ಐದು ಮರಿ ಹರಿದಾಡುತ್ತಿದ್ದವು. ಕಾಯಿ ಹೊತ್ತವರು ಹೋಗದೆ, ಮುಂದೇನು ಎಂದು ಜಗಲಿಯಲ್ಲೇ ಕೂತಿದ್ದರು.

"ಏನಿದು?"

"ಮರಿ. ನಿಂದು ಯಾವುದೋ ತಗೋ."

ಅವಳು ಒಂದೊಂದನ್ನೇ ನೋಡಿದಳು. "ಇದರಲ್ಲಿ ಯಾವುದೂ ನಮ್ಮದಲ್ಲ!"

ಬಸವರಾಜ ನಗುನಗುತ್ತಾ ಒಳಬಂದ. ಕಂಕುಳಲ್ಲಿ ಮುಚ್ಚಳ ಕಟ್ಟಿದ ಬುಟ್ಟಿ. "ಯೋಚ್ನೆ ಮಾಡ್ಬೇಡಿ ಭಾವ. ಮರಿ ರಾತ್ರಿಯೆಲ್ಲ ಅತ್ತಿತು ಅಂತ ಅಕ್ಕ ಫೋನು ಮಾಡಿದ್ಲು. ಇಷ್ಟು ಎಳೇದನ್ನ ತಾಯಿಯಿಂದ ಬೇರೆ ಮಾಡ್ಬಾರ್ದಿತ್ತು. ಅದಕ್ಕೇ ತಾಯೀನೇ ತಂದ್ಬಿಟ್ಟೆ. ನಾಮಕರಣದ ಊಟಾನೂ ಇದನ್ನ ತೊಡೆ ಮೇಲಿಟ್ಕೊಂಡೇ ಮಾಡಿದೀನಿ. ಇನ್ಮೇಲೆ ಹಾಲೂ ಅದೇ ಕುಡಿಸ್ತದೆ, ಇಲೀನೂ ಅದೇ ಹಿಡೀತದೆ. ನಿಮಗೆ ಆರಾಮು!"

ಷಣ್ಮುಖಪ್ಪನಿಗೆ ಭಾವಮೈದುನನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬಸವರಾಜ ಮುಚ್ಚಳ ತೆಗೆದ.

ತಾಯಿ ಬೆಕ್ಕು ಇಳಿಯಿತು. ಐದು ಮರಿಗಳನ್ನೂ ಮೂಸಿತು. ಪರವೂರಿನ ಸಂತೆಯಲ್ಲಿ ಕೊಳೆತ ಟೊಮೆಟೊ ಕಂಡ ಹೆಂಗಸಿನಂತೆ ಮುಖ ಸಿಂಡರಿಸಿ, ಕರಿಯದಕ್ಕೆ ಒಂದು ತಪರಾಕಿ ಕೊಟ್ಟಿತು. ಆಮೇಲೆ ಕತ್ತೆತ್ತಿ ಒಂದು ಸಲ ಕೂಗಿತು.

ಬಚ್ಚಲುಮನೆಯಿಂದ ಸಣ್ಣ ದನಿ ಓಗೊಟ್ಟಿತು.

ತಾಯಿ ಓಡಿತು. ಹಿಂದೆ ಎಲ್ಲರೂ ಓಡಿದರು. ಬೆಳಿಗ್ಗೆ ನೀರು ಕಾಯಿಸಿದ ಹಂಡೆಯ ಒಲೆಯೊಳಗೆ, ಬೆಚ್ಚಗಿನ ಬೂದಿಯಲ್ಲಿ, ಮರಿ ದಿನವೆಲ್ಲ ಸುಖವಾಗಿ ನಿದ್ದೆ ಹೊಡೆದಿತ್ತು. ಬೇರೆ ಯಾರಿಗೂ ಅಂಥ ನಿದ್ದೆ ಆ ದಿನ ಸಿಕ್ಕಿರಲಿಲ್ಲ. ತಾಯಿ ಅದರ ಕತ್ತು ಕಚ್ಚಿ ಎತ್ತಿಕೊಂಡು ಹೊರಬಂತು. ಮೈತುಂಬ ಬೂದಿ. ಬಣ್ಣ ಯಾವುದೆಂದು ಆಗಲೂ ಷಣ್ಮುಖಪ್ಪನಿಗೆ ಗೊತ್ತಾಗಲಿಲ್ಲ.

"ತಾಯೀನ ಒರಳುಕಲ್ಲು ಸುತ್ತಿಸ್ಲಿಲ್ಲ! ಹಿಡ್ಕೊಳೋ ಷಣ್ಮುಖ, ಬಲಕ್ಕೆ ಸುತ್ತು!" ಈರಕ್ಕ ಕೂಗಿದಳು.

"ಎಡಕ್ಕೆ!" ರಂಗಯ್ಯ ಗುಡುಗಿದ.

ಷಣ್ಮುಖಪ್ಪ ಒಂದು ಹೆಜ್ಜೆ ಬಲಕ್ಕಿಟ್ಟ, ಒಂದು ಹೆಜ್ಜೆ ಎಡಕ್ಕಿಟ್ಟ. ಅಷ್ಟರಲ್ಲಿ ಬೆಕ್ಕು ಮರಿಯೊಂದಿಗೆ ಕಾಂಪೌಂಡು ಹಾರಿ, ತೋಟದೊಳಗೆ ನುಗ್ಗಿ ಕಣ್ಮರೆಯಾಯಿತು.

ಜಯಲಕ್ಷ್ಮಮ್ಮ ನಿಧಾನವಾಗಿ ತಿರುಗಿದಳು. "ಇಡೀ ದಿನ ಮಡಿಲಲ್ಲಿಟ್ಕೊಂಡು ಸಾಕಿ ಅಂತ ಕೊಟ್ಟು ಹೋದೆ. ಬಣ್ಣ ಯಾವ್ದು ಅಂತಾನೂ ನೋಡ್ಲಿಲ್ವಾ ನೀವು?"

"ಕರೆಂಟಿರ್ಲಿಲ್ಲ ಕಣೇ..."

"ನನ್ನ ನೋಡೋಕೂ ಕರೆಂಟಿರ್ಲಿಲ್ವಾ? ಕಣ್ಮುಚ್ಚಿ."

"ಏನು?"

"ಕಣ್ಮುಚ್ಚಿ ಅಂದೆ! ಈಗ ಹೇಳಿ. ನಾನುಟ್ಟಿರೋ ಸೀರೆ ಯಾವ ಬಣ್ಣ? ಸರಿಯಾಗಿ ಹೇಳಿದ್ರೆ ಇರ್ತೀನಿ."

ಷಣ್ಮುಖಪ್ಪ ಕಣ್ಣು ಮುಚ್ಚಿದ. ಬೆಳಿಗ್ಗೆ ಎದುರಿಗೆ ನಿಂತಿದ್ದಳು. ಈಗಲೂ ನಿಂತಿದ್ದಳು. ಫೋನಿನಲ್ಲಿ ನೋಡುತ್ತಿದ್ದ ಕೊಬ್ಬರಿ ಧಾರಣೆ ನೆನಪಿಗೆ ಬಂತು, ಸೀರೆ ಬರಲಿಲ್ಲ.

"ಹಸಿರು ಅನ್ನೋ," ಎಂದು ಈರಕ್ಕ ಪಿಸುಗುಟ್ಟಿದಳು.

"ಮುಸ್ಸಂಜೇಲಿ ನಿಂಗೆ ಕಣ್ಣು ಕಾಣಲ್ಲ. ನೀಲಿ ಕಣೋ," ಎಂದ ರಂಗಯ್ಯ.

ಷಣ್ಮುಖಪ್ಪ ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿ, ಎಂದೂ ಮಾಡದಷ್ಟು ಯೋಚನೆ ಮಾಡಿದ. ಕಾಲ ಬುಡದಲ್ಲಿ ಐದು ಮರಿಗಳೂ ಒಟ್ಟಿಗೇ ಹಾಲಿಗೆ ಬಾಯಿ ಬಿಟ್ಟವು. ಆ ಗಲಾಟೆಯಲ್ಲಿ ಬೈಕು ಹೊರಟ ಸದ್ದು ಅವನಿಗೆ ತಡವಾಗಿ ಕೇಳಿಸಿತು. ಕಣ್ಣು ಬಿಟ್ಟು ಓಡಿ ಹೊರಗೆ ಬಂದ.

ದೂರದ ತಿರುವಿನಲ್ಲಿ ಒಂದು ಸೆರಗು ಗಾಳಿಗೆ ಹಾರಿತು. ಕತ್ತಲಾಗಿತ್ತು, ಬಣ್ಣ ಕಾಣಲಿಲ್ಲ. ಬೈಕು ತಿರುಗಿಯೂ ಬರಲಿಲ್ಲ.